ಕಾಮೆಟ್ ವಿಮಾನದ ಚರಿತ್ರೆಯೂ ಅದರ ಪಾಠವೂ

ಜಾತ್ರೆಯ ದಿನ ತೇರಿನ ಅಚ್ಚು ಮುರಿದರೆ ತೇರನ್ನು ಅಲ್ಲಿಯೇ ನಿಲ್ಲಿಸುವರು. ಬಡಗಿಯೂ ಕಮ್ಮಾರನೂ ಬಂದು ನೋಡಿ, ದೋಷವೇನೆಂದು ತಿಳಿದು, ಸರಿಪಡಿಸಿದ ಮೇಲಲ್ಲದೆ ಯಾರೂ ಹಗ್ಗಕ್ಕೆ ಕೈಹಾಕುವುದಿಲ್ಲ. ಇದರಲ್ಲಿ ವಾದಕ್ಕೆ ಅವಕಾಶವಿಲ್ಲ; ತೇರು ಒಂದೇ, ಅಚ್ಚು ಒಂದೇ, ಮುರಿದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಹತ್ತಾರು, ನೂರಾರು ವಿಮಾನಗಳನ್ನು ಕಟ್ಟಿ ದೇಶದೇಶಗಳ ಆಕಾಶದಲ್ಲಿ ಹಾರಿಸುತ್ತಿರುವಾಗ ಅವುಗಳಲ್ಲೊಂದು ಬಿದ್ದರೆ, ಉಳಿದವುಗಳನ್ನು ಏನು ಮಾಡಬೇಕು? ಬಿದ್ದದ್ದು ಆ ಒಂದು ವಿಮಾನದ ದುರದೃಷ್ಟವೆಂದು ತಿಳಿಯಬೇಕೆ, ಅಥವಾ ಅದರ ಒಡಹುಟ್ಟುಗಳೆಲ್ಲದರ ಒಡಲಿನಲ್ಲಿಯೂ ಅದೇ ರೋಗ ಅಡಗಿದೆಯೆಂದು ಶಂಕಿಸಬೇಕೆ? ಕಾರಣ ತಿಳಿಯುವವರೆಗೆ ಎಲ್ಲವನ್ನೂ ನೆಲದ ಮೇಲೆ ನಿಲ್ಲಿಸಬೇಕೆ?

ಜನರನ್ನು ಹೊತ್ತೊಯ್ಯುವ ಜೆಟ್ ವಿಮಾನಗಳು ಹುಟ್ಟಿದಂದಿನಿಂದ ಈ ಪ್ರಶ್ನೆಯೂ ಅವುಗಳ ಬೆನ್ನ ಹಿಂದೆಯೇ ಬಂದಿದೆ. ಇದಕ್ಕೆ ಮೊದಲ ಉತ್ತರವನ್ನು ಹುಡುಕಿದುದು ೧೯೫೪ನೆಯ ಇಸವಿಯಲ್ಲಿ, ಇಂಗ್ಲೆಂಡಿನಲ್ಲಿ, ಕಾಮೆಟ್ ಎಂಬ ವಿಮಾನದ ವಿಷಯದಲ್ಲಿ. ಆ ಉತ್ತರಕ್ಕೆ ಸಂದ ಬೆಲೆ ಬಹಳ ದೊಡ್ಡದು. ಅಷ್ಟು ಬೆಲೆ ತೆತ್ತು ಪಡೆದ ಪಾಠವನ್ನು ಲೋಕವು ಮುಂದೆ ಎಷ್ಟರಮಟ್ಟಿಗೆ ನೆನಪಿನಲ್ಲಿಟ್ಟುಕೊಂಡಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ ಇಂಗ್ಲೆಂಡಿನ ಸರ್ಕಾರವು ಯುದ್ಧಾನಂತರದ ವಿಮಾನಸಂಚಾರದ ವಿಷಯವಾಗಿ ಆಲೋಚಿಸಲು ಲಾರ್ಡ್ ಬ್ರಬಜಾನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದೊಡ್ಡ ವಿಮಾನಗಳ ನಿರ್ಮಾಣದಲ್ಲಿ ಅಮೆರಿಕವು ಆಗಲೇ ಬಹುದೂರ ಮುಂದೆ ಹೋಗಿತ್ತು. ಅದನ್ನು ಹಿಂದೆ ಹಾಕಬೇಕಾದರೆ ತಿರುಗುವ ಪಂಖವನ್ನೇ ಬಿಟ್ಟು ಜೆಟ್ ಯಂತ್ರವನ್ನು ಹಿಡಿಯಬೇಕೆಂದು ಇಂಗ್ಲಿಷರು ನಿಶ್ಚಯಿಸಿದರು. ಈ ಸಾಹಸಕ್ಕೆ ಕೈಹಾಕಿದುದು ಹ್ಯಾಟ್‌ಫೀಲ್ಡಿನ ಡಿ ಹ್ಯಾವಿಲೆಂಡ್ ಸಂಸ್ಥೆ. ಅದರ ಮುಖ್ಯ ಶಿಲ್ಪಿಯಾದ ಬಿಷಪ್ ಎಂಬವರ ನೇತೃತ್ವದಲ್ಲಿ ಸಿದ್ಧವಾದ ವಿಮಾನವು ೧೯೪೯ನೆಯ ಇಸವಿ ಜುಲೈ ತಿಂಗಳ ೨೭ನೆಯ ತಾರೀಖು ಮೊದಲ ಬಾರಿಗೆ ನೆಲವನ್ನು ಬಿಟ್ಟೆದ್ದಿತು. ಅದಕ್ಕೆ ಕಾಮೆಟ್ ಎಂದು ಹೆಸರಿಟ್ಟರು. ಕಾಮೆಟ್ ಎಂದರೆ ಧೂಮಕೇತು. ನಮ್ಮವರು ಅಂತಹ ಹೆಸರನ್ನು ಮಂಗಳಕಾರ್ಯಕ್ಕೆ ಇಡುತ್ತಿರಲಿಲ್ಲ. ಆದರೆ ಇಂಗ್ಲಿಷರ ಮನಸ್ಸಿನಲ್ಲಿದ್ದುದು ಅದರ ವೇಗ ಮತ್ತು ಕಾಂತಿ ಮಾತ್ರ.

ವಿಮಾನವು ನೋಡಲು ಬಹು ಸುಂದರವಾಗಿತ್ತು. ಅದರ ನಾಲ್ಕು ಯಂತ್ರಗಳನ್ನೂ ರೆಕ್ಕೆಗಳ ಬುಡದಲ್ಲಿಯೇ ಹುದುಗಿಸಿದ್ದರು. ಒಳಗೆ ೩೬ ಮಂದಿ ಪ್ರಯಾಣಿಕರಿಗೆ ಸ್ಥಳವಿತ್ತು. ಗಂಟೆಗೆ ಸುಮಾರು ೪೫೦ ಮೈಲಿಗಳ ವೇಗದಲ್ಲಿ, ೩೫,೦೦೦ದಿಂದ ೪೦,೦೦೦ ಅಡಿಗಳ ಎತ್ತರದಲ್ಲಿ, ಮಳೆಮೋಡಗಳಿಗಿಂತಲೂ ಮೇಲೆ ಅದು ಸಾಗುತ್ತಿತ್ತು. ಹಳೆಯ ವಿಮಾನಗಳ ನಡುಕವೂ ಅಬ್ಬರವೂ ಇದರಲ್ಲಿ ಇರಲಿಲ್ಲವೆಂದು ಪ್ರಯಾಣಮಾಡಿದವರು ಬೆರಗಾದರು. ೧೯೫೨ನೆಯ ಇಸವಿ ಮೇ ತಿಂಗಳ ೨ನೆಯ ತಾರೀಖು ಲಂಡನ್ನಿನಿಂದ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿಗೆ ಹೊರಟ ಕಾಮೆಟ್ಟೇ ಲೋಕದಲ್ಲಿ ಹಣ ತೆತ್ತ ಪ್ರಯಾಣಿಕರನ್ನು ಕ್ರಮಬದ್ಧವಾಗಿ ಒಯ್ದ ಮೊದಲನೆಯ ಜೆಟ್ ವಿಮಾನ. ಬೇಗನೆ ಪೂರ್ವದೇಶಗಳ ಮಾರ್ಗವೂ ತೆರೆಯಿತು. ಕರಾಚಿ, ದೆಹಲಿ, ಕಲ್ಕತ್ತೆಗಳ ಮೇಲೆ ಹಾದು ಕಾಮೆಟ್ ಸಿಂಗಪುರವನ್ನು ಮುಟ್ಟಿತು. ಯುದ್ಧದಿಂದ ಬಡವಾಗಿದ್ದ ಇಂಗ್ಲೆಂಡಿಗೆ ಇದು ಬರಿಯ ವಿಮಾನವಾಗಿರಲಿಲ್ಲ. ಅದರ ಮಾನದ ಪತಾಕೆಯಾಗಿತ್ತು. ಈ ಮಾತನ್ನು ಮುಂದಿನ ಕಥೆಗಾಗಿ ನಾವು ನೆನಪಿನಲ್ಲಿಡಬೇಕು.

ಅಷ್ಟು ಎತ್ತರದಲ್ಲಿ ಗಾಳಿಯು ಅತಿ ತೆಳ್ಳಗಿರುವುದರಿಂದ ಮನುಷ್ಯನು ಉಸಿರಾಡಿ ಬದುಕಲಾರನು. ಆದುದರಿಂದ ವಿಮಾನದ ಒಡಲನ್ನು ಬಿಗಿಯಾಗಿ ಮುಚ್ಚಿ, ಒಳಗೆ ಗಾಳಿಯನ್ನು ಒತ್ತಿ ತುಂಬಬೇಕು. ಹೊರಗೆ ೪೦,೦೦೦ ಅಡಿ ಎತ್ತರದ ಗಾಳಿಯಿದ್ದಾಗಲೂ ಕಾಮೆಟ್ಟಿನ ಒಳಗೆ ೮,೦೦೦ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಗಾಳಿಯಿರುತ್ತಿತ್ತು. ಎಂದರೆ, ಅದರ ತೆಳುವಾದ ಲೋಹದ ಚರ್ಮದ ಪ್ರತಿಯೊಂದು ಚದರ ಅಂಗುಲವನ್ನೂ ಎಂಟು ಪೌಂಡಿಗೂ ಸ್ವಲ್ಪ ಹೆಚ್ಚಾದ ಒತ್ತಡವು ಒಳಗಿನಿಂದ ಹೊರಕ್ಕೆ ನೂಕುತ್ತಿತ್ತು. ಮೇಲೇರಿದಾಗ ಒಡಲು ಉಬ್ಬುವುದು, ಇಳಿದಾಗ ಕುಗ್ಗುವುದು. ಪ್ರತಿಯೊಂದು ಪ್ರಯಾಣವೂ ಒಂದು ಉಸಿರಿನಂತೆ. ಅದುವರೆಗಿನ ಪ್ರಯಾಣಿಕ ವಿಮಾನಗಳಾವುವೂ ಇಷ್ಟು ದೀರ್ಘವಾಗಿ ಉಸಿರೆಳೆದಿರಲಿಲ್ಲ.

೨

ಮೊದಲ ಕೇಡುಗಳು ಬೇಗನೆ ಬಂದವು. ೧೯೫೨ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಒಂದು ಕಾಮೆಟ್ ಮೇಲೇಳಲಾರದೆ ನೆಲಕ್ಕೆ ಬಡಿಯಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ೧೯೫೩ರ ಮಾರ್ಚಿ ೩ನೆಯ ತಾರೀಖು ಕರಾಚಿಯಲ್ಲಿ ಇನ್ನೊಂದು ಹಾಗೆಯೇ ಮೇಲೇಳಲಾರದೆ ಹೋದಾಗ ಒಳಗಿದ್ದ ೧೧ ಮಂದಿಯೂ ಮಡಿದರು. ಮೇಲೇಳುವಾಗ ಮೂಗನ್ನು ಅತಿಯಾಗಿ ಎತ್ತಿದುದೇ ಕಾರಣವೆಂದು ಹೇಳಿ ಚಾಲಕರ ಮೇಲೆ ದೋಷವನ್ನು ಹೊರಿಸಿದರು. ಆಮೇಲೆ ರೆಕ್ಕೆಯ ಮುಂಚಿನ ಆಕಾರವನ್ನು ಮಾರ್ಪಡಿಸಬೇಕಾಗಿ ಬಂದುದನ್ನು ನೋಡಿದರೆ, ದೋಷವೆಲ್ಲವೂ ಚಾಲಕರದಾಗಿರಲಿಲ್ಲವೆಂದು ಹೇಳಬೇಕಾಗುತ್ತದೆ.

ಮೂರನೆಯ ದುರಂತವು ನಮ್ಮ ದೇಶದಲ್ಲಿಯೇ ನಡೆಯಿತು. ೧೯೫೩ನೆಯ ಇಸವಿ ಮೇ ತಿಂಗಳ ೨ನೆಯ ತಾರೀಖು, ಎಂದರೆ ಮೊದಲ ಸಂಚಾರಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಸಿಂಗಪುರದಿಂದ ಲಂಡನ್ನಿಗೆ ಹೋಗುತ್ತಿದ್ದ ಒಂದು ಕಾಮೆಟ್ ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ದೆಹಲಿಯ ಕಡೆಗೆ ಹೊರಟಿತು. ಬಂಗಾಳದಲ್ಲಿ ಅದು ಬಿರುಗಾಳಿ ಗುಡುಗುಗಳ ಕಾಲ. ಹೊರಟ ಆರು ನಿಮಿಷಗಳಲ್ಲಿ ವಿಮಾನವು ಆಕಾಶದಲ್ಲಿಯೇ ಛಿದ್ರವಾಗಿ, ಹೂಗ್ಲಿ ಜಿಲ್ಲೆಯ ಜಗಲ್‌ಗೋರಿ ಎಂಬ ಹಳ್ಳಿಯ ಬಳಿ ಉರಿಯುತ್ತ ಬಿದ್ದಿತು. ೪೩ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾರತ ಸರ್ಕಾರವು ನಡೆಸಿದ ವಿಚಾರಣೆಯಲ್ಲಿ, ಬಿರುಗಾಳಿಯ ಹೊಡೆತದಿಂದಲೋ, ಅದರಲ್ಲಿ ವಿಮಾನವನ್ನು ಹಿಡಿತದಲ್ಲಿಡಲು ಚಾಲಕನು ಮಾಡಿದ ಪ್ರಯತ್ನದಿಂದಲೋ ವಿಮಾನದ ಅಂಗಗಳು ಮುರಿದವೆಂದು ನಿರ್ಣಯವಾಯಿತು. ಕಣ್ಣೆದುರಿಗೆ ಬಿರುಗಾಳಿಯೇ ಇದ್ದುದರಿಂದ ಬೇರೆ ಕಾರಣವನ್ನು ಹುಡುಕುವ ಅಗತ್ಯವು ಯಾರಿಗೂ ತೋರಲಿಲ್ಲ. ಕಾಮೆಟ್ಟುಗಳು ಹಾರುತ್ತಲೇ ಇದ್ದವು.

೧೯೫೪ರ ಜನವರಿ ೧೦ನೆಯ ತಾರೀಖಿನ ದಿನ ಆಕಾಶವು ಪ್ರಶಾಂತವಾಗಿತ್ತು. ಸಿಂಗಪುರದಿಂದ ಬಂದಿದ್ದ ಕಾಮೆಟ್ಟೊಂದು ರೋಮ್ ನಗರವನ್ನು ಬಿಟ್ಟು ಲಂಡನ್ನಿನ ಕಡೆಗೆ ಏರತೊಡಗಿತ್ತು. ಎರಡು ವರ್ಷಗಳ ಹಿಂದೆ ಮೊದಲ ಪ್ರಯಾಣಿಕರನ್ನು ಒಯ್ದಿದ್ದುದು ಇದೇ ವಿಮಾನ. ಹೊರಟ ಇಪ್ಪತ್ತು ನಿಮಿಷಗಳಲ್ಲಿ ಅದರ ನಾಯಕನು ಇನ್ನೊಂದು ವಿಮಾನದ ನಾಯಕನೊಡನೆ ರೇಡಿಯೋ ಮೂಲಕ ಮಾತನಾಡುತ್ತಿದ್ದಾಗ ವಾಕ್ಯದ ನಡುವೆಯೇ ಧ್ವನಿ ನಿಂತುಹೋಯಿತು. ಎಲ್ಬಾ ದ್ವೀಪದ ಬಳಿ ಬಲೆ ಬೀಸುತ್ತಿದ್ದ ಬೆಸ್ತರು ಮೇಲೆ ಸದ್ದನ್ನು ಕೇಳಿ ತಲೆಯೆತ್ತಿ ನೋಡಿದಾಗ, ಉರಿಯುವ ಚೂರುಗಳು ಸಮುದ್ರಕ್ಕೆ ಬೀಳುತ್ತಿದ್ದವು. ೩೫ ಮಂದಿ ಸತ್ತರು. ಯುದ್ಧದ ಇತಿಹಾಸವನ್ನು ಬರೆದು ಹೆಸರಾಗಿದ್ದ ಆಸ್ಟ್ರೇಲಿಯದ ಪತ್ರಿಕಾಕರ್ತ ಚೆಸ್ಟರ್ ವಿಲ್ಮಟ್ ಅವರಲ್ಲೊಬ್ಬರು.

ಈ ಬಾರಿ ಬಿರುಗಾಳಿಯ ನೆಪವಿರಲಿಲ್ಲ. ಮರುದಿನವೇ ಬ್ರಿಟಿಷ್ ವಿಮಾನಸಂಸ್ಥೆಯು ತನ್ನ ಕಾಮೆಟ್ಟುಗಳೆಲ್ಲವನ್ನೂ ತಾನಾಗಿಯೇ ನಿಲ್ಲಿಸಿತು. ಇದು ಸ್ತುತ್ಯವಾದ ಕೆಲಸ. ಆದರೆ ನಿಲ್ಲಿಸಿದ ಮೇಲೆ ಏನಾಯಿತೆಂಬುದನ್ನು ನೋಡಬೇಕು. ಒಂದು ಸಮಿತಿ ಕುಳಿತು, ಯಾವ ಯಾವ ಕಾರಣದಿಂದ ವಿಮಾನವು ಮುರಿದಿರಬಹುದೆಂದು ಊಹಿಸಿ ಪಟ್ಟಿಮಾಡಿತು. ಯಂತ್ರದಲ್ಲಿ ಬೆಂಕಿ ಹತ್ತಿರುವುದು ಎಲ್ಲಕ್ಕಿಂತ ಸಂಭವನೀಯವೆಂದು ತೋರಿತು. ಊಹಿಸಿದ ಕಾರಣಗಳಿಗೆಲ್ಲ ಒಂದೊಂದು ತಡೆಯನ್ನು ಕಲ್ಪಿಸಿ ಸುಮಾರು ೫೦ ಮಾರ್ಪಾಟುಗಳನ್ನು ಮಾಡಿದರು. ಅತ್ತ ನೌಕಾದಳದವರು ಎಲ್ಬಾದ ಬಳಿ ಐದುನೂರು ಅಡಿಗಳಿಗೂ ಮಿಕ್ಕಿದ ಆಳದಿಂದ ಭಗ್ನಾವಶೇಷಗಳನ್ನು ಎತ್ತುತ್ತಲೇ ಇದ್ದರು. ಮುಖ್ಯವಾದ ಭಾಗಗಳು ಇನ್ನೂ ಸಮುದ್ರದಲ್ಲಿಯೇ ಇದ್ದವು. ನಿಜವಾದ ಕಾರಣವಾವುದೆಂದು ಯಾರಿಗೂ ತಿಳಿದಿರಲಿಲ್ಲ. ತಿಳಿದಿಲ್ಲವೆಂಬುದನ್ನು ಅಧಿಕಾರಿಗಳೇ ಒಪ್ಪಿಕೊಂಡಿದ್ದರು. ಆದರೂ ಸರ್ಕಾರದ ಸಮ್ಮತಿಯೊಡನೆ ಮಾರ್ಚಿ ೨೩ನೆಯ ತಾರೀಖು ಕಾಮೆಟ್ಟುಗಳು ಪುನಃ ಹಾರಿದವು.

ಹದಿನಾರು ದಿನಗಳು ಕಳೆದವು. ಏಪ್ರಿಲ್ ೮ನೆಯ ತಾರೀಖಿನ ಸಂಜೆ ರೋಮಿನಿಂದ ಕೈರೋವಿಗೆ ಹೊರಟ ಇನ್ನೊಂದು ಕಾಮೆಟ್, ನೇಪಲ್ಸಿನ ದಕ್ಷಿಣಕ್ಕೆ, ಅದೇ ರೀತಿಯಲ್ಲಿ, ಏರುತ್ತಿರುವಾಗಲೇ ಕಣ್ಮರೆಯಾಯಿತು. ಅದರಲ್ಲಿ ೨೧ ಮಂದಿ ಇದ್ದರು. ನಾಲ್ಕು ದಿನಗಳ ಮೇಲೆ ಸರ್ಕಾರವು ಕಾಮೆಟ್ಟಿಗೆ ಕೊಟ್ಟಿದ್ದ ಹಾರಾಟದ ಅರ್ಹತಾಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿತು.

೩

ಇನ್ನು ನಡೆದ ಶೋಧನೆಯು ವಿಜ್ಞಾನದ ಚರಿತ್ರೆಯಲ್ಲಿ ಚಿರಸ್ಮರಣೀಯವಾದುದು. ಹಣಕ್ಕಾಗಲಿ ಜನಕ್ಕಾಗಲಿ ಮಿತಿಯನ್ನಿಡದೆ ಕಾರಣವನ್ನು ಕಂಡುಹಿಡಿಯಬೇಕೆಂಬುದು ಪ್ರಧಾನಮಂತ್ರಿ ಚರ್ಚಿಲ್ಲರ ಅಭಿಮತವಾಗಿತ್ತು. ಕೆಲಸದ ಭಾರವು ಫಾರ್ನ್‌ಬರೋ ನಗರದ ರಾಜಕೀಯ ವಿಮಾನ ಸಂಶೋಧನಾಲಯದ ಮೇಲೆಯೂ ಅದರ ನಿರ್ದೇಶಕರಾದ ಆರ್ನಲ್ಡ್ ಹಾಲರ ಮೇಲೆಯೂ ಬಿದ್ದಿತು. ಎಲ್ಬಾದ ಸಮುದ್ರತಳವನ್ನು ಟೆಲಿವಿಷನ್ ಕ್ಯಾಮರದ ಸಹಾಯದಿಂದ ಶೋಧಿಸಿ, ಸಿಕ್ಕಿದ ಚೂರುಗಳನ್ನೆಲ್ಲ ತಂದು, ಮರದ ಚೌಕಟ್ಟಿನ ಮೇಲೆ ವಿಮಾನದ ಆಕಾರದಲ್ಲಿಯೇ ಜೋಡಿಸುತ್ತ ಹೋದರು. ಇತ್ತ ಪೀಸಾ ನಗರದಲ್ಲಿ ಶವಗಳನ್ನು ಪರೀಕ್ಷಿಸಿದ ವೈದ್ಯ ಫೋರ್ನಾರಿಯವರು, ಮೃತರ ಶ್ವಾಸಕೋಶಗಳು ಒಡೆದಿದ್ದುದನ್ನು ಕಂಡು, ಒಳಗಿನ ಗಾಳಿಯ ಒತ್ತಡವು ಕ್ಷಣಮಾತ್ರದಲ್ಲಿ ಇಳಿದುಹೋದುದರ ಗುರುತು ಇದೆಂದು ಸೂಚಿಸಿದ್ದರು. ಆಗ ಸಂದೇಹವು ಯಂತ್ರಗಳನ್ನು ಬಿಟ್ಟು ಒಡಲಿನ ಕಡೆಗೆ ತಿರುಗಿತು.

ಹಾಲರು ಒಂದು ಅಪೂರ್ವವಾದ ಪ್ರಯೋಗವನ್ನು ಯೋಜಿಸಿದರು. ೧,೨೨೧ ಬಾರಿ ಹಾರಿ ಬಂದಿದ್ದ ಒಂದು ಕಾಮೆಟ್ಟನ್ನು ತರಿಸಿ, ಅದರ ಒಡಲಿನ ಸುತ್ತ ಒಂದು ದೊಡ್ಡ ತೊಟ್ಟಿಯನ್ನು ಕಟ್ಟಿಸಿ, ರೆಕ್ಕೆಗಳನ್ನು ಮಾತ್ರ ಹೊರಗೆ ಬಿಟ್ಟು, ಒಳಗೂ ಹೊರಗೂ ನೀರನ್ನು ತುಂಬಿಸಿದರು. ಒಳಗಿನ ನೀರನ್ನು ಒತ್ತಿದಾಗ ಒಡಲು ಆಕಾಶದಲ್ಲಿ ಉಬ್ಬುವಂತೆಯೇ ಉಬ್ಬುವುದು, ಬಿಟ್ಟಾಗ ಕುಗ್ಗುವುದು. ರೆಕ್ಕೆಗಳನ್ನು ಯಂತ್ರಗಳಿಂದ ಮೇಲಕ್ಕೂ ಕೆಳಕ್ಕೂ ಬಾಗಿಸುವರು. ಹೀಗೆ ಗಂಟೆಗಟ್ಟಲೆಯ ಪ್ರಯಾಣದ ಶ್ರಮವನ್ನು ಕೆಲವೇ ನಿಮಿಷಗಳಲ್ಲಿ ವಿಮಾನಕ್ಕೆ ಕೊಡಬಹುದಾಗಿತ್ತು. ಗಾಳಿಯನ್ನು ಬಿಟ್ಟು ನೀರನ್ನೇ ಏಕೆ ಆರಿಸಿದರೆಂದರೆ, ಒತ್ತಿದ ಗಾಳಿಯು ಬಾಂಬಿನಂತೆ ಸಿಡಿದು ಎಲ್ಲವನ್ನೂ ಚೂರುಮಾಡುತ್ತಿತ್ತು. ನೀರು ಹಾಗೆ ಸಿಡಿಯದೆ, ಬಿರುಕು ಹುಟ್ಟಿದ ಸ್ಥಳವನ್ನು ಇದ್ದಂತೆಯೇ ಉಳಿಸಿ ತೋರಿಸುತ್ತದೆ.

ಜೂನ್ ತಿಂಗಳ ಕೊನೆಯ ವಾರದಲ್ಲಿ ಉತ್ತರ ದೊರೆಯಿತು. ತೊಟ್ಟಿಯಲ್ಲಿ ೧,೮೩೬ ಕೃತಕ ಹಾರಾಟಗಳು ನಡೆದ ಮೇಲೆ, ಎಂದರೆ ಮೊದಲಿನವೂ ಸೇರಿ ಒಟ್ಟು ೩,೦೫೭ ಬಾರಿ ಉಬ್ಬಿ ಕುಗ್ಗಿದ ಮೇಲೆ, ಒಡಲಿನ ಪಕ್ಕದಲ್ಲಿದ್ದ ಒಂದು ಕಿಂಡಿಯ ಮೂಲೆಯಿಂದ ಲೋಹವು ಹರಿಯಿತು. ಆಗಸ್ಟಿನಲ್ಲಿ ಎಲ್ಬಾದ ಬೆಸ್ತರೊಬ್ಬರ ಬಲೆಗೆ ಸಿಕ್ಕಿ ಮೇಲೆ ಬಂದ ಚಾವಣಿಯ ತಗಡಿನಲ್ಲಿಯೂ ಅಂತಹುದೇ ಗುರುತು ಕಂಡಿತು. ಅಲ್ಲಿ ಬಿರುಕು ಹೊರಟಿದ್ದುದು ದಿಕ್ಕನ್ನು ತಿಳಿಸುವ ರೇಡಿಯೋ ಸಾಧನಕ್ಕಾಗಿ ಚಾವಣಿಯಲ್ಲಿ ಕೊರೆದಿದ್ದ ಕಿಂಡಿಯ ಮೂಲೆಯಿಂದ. ಎಲ್ಬಾದಲ್ಲಿ ಬಿದ್ದ ವಿಮಾನವು ೧,೨೯೦ ಬಾರಿಯೂ ನೇಪಲ್ಸಿನಲ್ಲಿ ಬಿದ್ದುದು ಸುಮಾರು ೯೦೦ ಬಾರಿಯೂ ಹಾರಿದ್ದವು.

ಇದರ ತತ್ತ್ವವು ಕಠಿನವಾದುದಲ್ಲ. ಕಬ್ಬಿಣದ ತಂತಿಯನ್ನು ಒಂದು ಸಾರಿ ಬಾಗಿಸಿದರೆ ಮುರಿಯದು. ಅದೇ ಸ್ಥಳದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋದರೆ ಹತ್ತಿಪ್ಪತ್ತನೆಯ ಸಾರಿಗೆ ಬೆರಳಿನಲ್ಲಿಯೇ ತುಂಡಾಗುತ್ತದೆ. ಲೋಹವೂ ದೇಹದಂತೆ ದಣಿಯುತ್ತದೆ. ಇದನ್ನೇ ಲೋಹದ ಬಳಲಿಕೆ ಎನ್ನುವರು. ನಮ್ಮ ಹಳೆಯ ಮನೆಗಳ ಗೋಡೆಗಳಲ್ಲಿ ಬಿರುಕು ಹುಟ್ಟುವುದು ಬಹುಮಟ್ಟಿಗೆ ಕಿಟಕಿ ಬಾಗಿಲುಗಳ ಮೂಲೆಯಿಂದ. ಗೋಡೆಯ ಭಾರವೆಲ್ಲ ತೆರಪನ್ನು ಬಳಸಿ ಹೋಗುವಾಗ ಮೂಲೆಯಲ್ಲಿ ಬಂದು ಸೇರುತ್ತದೆ. ಕಾಮೆಟ್ಟಿನ ಒಡಲಿನಲ್ಲಿಯೂ ಕಿಂಡಿಗಳ ಮೂಲೆಗಳಲ್ಲಿ, ಮೊಳೆ ಜಡಿದ ರಂಧ್ರಗಳ ಅಂಚಿನಲ್ಲಿ, ನಿರ್ಮಾಪಕರು ಲೆಕ್ಕ ಹಾಕಿದುದಕ್ಕಿಂತ ಬಹಳ ಹೆಚ್ಚಾದ ಸೆಳೆತವು ಒಂದುಗೂಡುತ್ತಿತ್ತು.

ಹಾಗಾದರೆ ನಿರ್ಮಾಪಕರು ಪರೀಕ್ಷೆಯನ್ನೇ ಮಾಡಿರಲಿಲ್ಲವೆ? ಮಾಡಿದ್ದರು. ಒಡಲಿನ ಒಂದು ಭಾಗವನ್ನು ೧೬,೦೦೦ಕ್ಕೂ ಹೆಚ್ಚು ಬಾರಿ ಉಬ್ಬಿಸಿ ಕುಗ್ಗಿಸಿ ಅದು ತಡೆದುದನ್ನು ಕಂಡಿದ್ದರು. ಆದರೆ ಅದೇ ಭಾಗವನ್ನು ಅದಕ್ಕೆ ಮುಂಚೆ ಬಲಪರೀಕ್ಷೆಗಾಗಿ ಇಮ್ಮಡಿ ಒತ್ತಡಕ್ಕೆ ಗುರಿಪಡಿಸಿದ್ದರು. ಆ ದೊಡ್ಡ ಒತ್ತಡದಿಂದ ಮೂಲೆಗಳ ಲೋಹವು ಸ್ವಲ್ಪ ಹಿಗ್ಗಿ, ಆಮೇಲಿನ ಸಣ್ಣ ಒತ್ತಡಗಳನ್ನು ಸಹಿಸುವ ಗುಣವನ್ನು ಪಡೆದುಕೊಂಡಿತ್ತು. ಪ್ರಯಾಣಿಕರನ್ನು ಒಯ್ದ ವಿಮಾನಗಳಿಗೆ ಅಂತಹ ಸಂಸ್ಕಾರವಾಗಿರಲಿಲ್ಲ. ಪರೀಕ್ಷೆಯನ್ನು ಎದುರಿಸಿದ ವಸ್ತು ಬೇರೆ, ಆಕಾಶಕ್ಕೆ ಹೋದ ವಸ್ತು ಬೇರೆ. ಅವರಲ್ಲಿ ವಂಚನೆಯಿರಲಿಲ್ಲ, ಆಲಸ್ಯವೂ ಇರಲಿಲ್ಲ. ತಮಗೆ ತಿಳಿದಿದೆಯೆಂದು ನಂಬಿದ್ದ ಒಂದು ವಿಷಯವು ಅವರಿಗೆ ತಿಳಿದಿರಲಿಲ್ಲ.

೧೯೫೪ರ ಅಕ್ಟೋಬರಿನಲ್ಲಿ ಲಾರ್ಡ್ ಕೋಹೆನರ ಮುಂದೆ ಲಂಡನ್ನಿನಲ್ಲಿ ಬಹಿರಂಗ ವಿಚಾರಣೆ ಪ್ರಾರಂಭವಾಯಿತು. ೧೯೫೫ರ ಫೆಬ್ರವರಿಯಲ್ಲಿ ಅವರ ವರದಿ ಹೊರಬಿದ್ದಿತು. ಎಲ್ಬಾದ ದುರಂತಕ್ಕೆ ಲೋಹದ ಬಳಲಿಕೆಯೇ ಕಾರಣವೆಂದೂ, ಎತ್ತಲಾಗದಷ್ಟು ಆಳಕ್ಕೆ ಬಿದ್ದಿದ್ದ ನೇಪಲ್ಸಿನ ವಿಮಾನಕ್ಕೂ ಅದೇ ಗತಿಯಾಗಿರಬೇಕೆಂದೂ ಅವರು ನಿರ್ಣಯಿಸಿದರು. ಮಾರ್ಚಿಯಲ್ಲಿ ಪುನಃ ಹಾರಲು ಅಪ್ಪಣೆಕೊಟ್ಟವರನ್ನು ಅವರು ದೂಷಿಸಲಿಲ್ಲ. ಆಗ ತಿಳಿದಿದ್ದಷ್ಟನ್ನು ನೋಡಿದರೆ ಆ ತೀರ್ಮಾನವು ತಪ್ಪಲ್ಲವೆಂಬುದು ಅವರ ಮತ.

ನ್ಯಾಯಸ್ಥಾನದ ದೃಷ್ಟಿಯಿಂದ ಇದು ಸರಿಯಾಗಿರಬಹುದು. ಚರಿತ್ರೆಯನ್ನು ಓದುವವನು ಇಷ್ಟಕ್ಕೇ ನಿಲ್ಲಲಾರನು. ಮಾರ್ಚಿ ತಿಂಗಳಲ್ಲಿ ಅಧಿಕಾರಿಗಳ ಮುಂದಿದ್ದುದು ‘ವಿಮಾನದಲ್ಲಿ ದೋಷವಿದೆಯೆಂದು ತೋರಿಸುವವರು ಯಾರು?’ ಎಂಬ ಪ್ರಶ್ನೆ. ತೋರಿಸುವವರಿರಲಿಲ್ಲ, ಆದುದರಿಂದ ವಿಮಾನವು ಹಾರಿತು. ‘ದೋಷವಿಲ್ಲವೆಂದು ತೋರಿಸುವವರು ಯಾರು?’ ಎಂದು ಕೇಳಿದ್ದರೆ ಆಗಲೂ ಯಾರೂ ಇರುತ್ತಿರಲಿಲ್ಲ; ವಿಮಾನವು ನಿಂತೇ ಇರುತ್ತಿತ್ತು; ಆ ೨೧ ಮಂದಿ ತಮ್ಮ ತಮ್ಮ ಮನೆಗಳನ್ನು ಸೇರುತ್ತಿದ್ದರು. ರುಜುವಾತಿನ ಭಾರವನ್ನು ಯಾರ ಹೆಗಲಿಗೆ ಹೊರಿಸಬೇಕೆಂಬ ಒಂದು ಮಾತಿನಲ್ಲಿ ಇಷ್ಟು ಪ್ರಾಣಗಳು ತೂಗುತ್ತಿದ್ದವು. ನಿಂತ ಪ್ರತಿಯೊಂದು ದಿನವೂ ದೇಶದ ಮಾನಕ್ಕೂ ವ್ಯಾಪಾರಕ್ಕೂ ಹಾನಿಯೆಂಬ ಭಾವನೆಯು ಆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಜಗ್ಗುತ್ತಿತ್ತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಎರಡನೆಯ ಬಾರಿ ನಿಲ್ಲಿಸಿದುದರ ಫಲವು ಬೇರೆಯಾಯಿತು. ಕಾರಣ ತಿಳಿದ ಮೇಲೆ ಒಡಲನ್ನು ದಪ್ಪ ತಗಡಿನಿಂದ ಹೊಸದಾಗಿ ಕಟ್ಟಿ, ೧೯೫೮ರ ಅಕ್ಟೋಬರ್ ೪ನೆಯ ತಾರೀಖು ನಾಲ್ಕನೆಯ ತಲೆಮಾರಿನ ಕಾಮೆಟ್ಟುಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಜೆಟ್ ಸಂಚಾರವನ್ನು ಆರಂಭಿಸಿದವು. ಅದೇ ತಿಂಗಳಿನಲ್ಲಿ ಅಮೆರಿಕದ ಬೋಯಿಂಗ್ ೭೦೭ ವಿಮಾನವೂ ಬಂದು ವ್ಯಾಪಾರವನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಇಂಗ್ಲೆಂಡು ಪೈಪೋಟಿಯಲ್ಲಿ ಸೋತಿತು. ಆದರೆ ಫಾರ್ನ್‌ಬರೋವಿನ ತೊಟ್ಟಿಯಲ್ಲಿ ಕಲಿತುದನ್ನು ಬಚ್ಚಿಡದೆ ಲೋಕದ ಮುಂದಿಟ್ಟುದರಿಂದ, ಆಮೇಲೆ ಕಟ್ಟಿದ ಎಲ್ಲ ದೇಶಗಳ ವಿಮಾನಗಳೂ ಅದರ ಪ್ರಯೋಜನವನ್ನು ಪಡೆದವು. ಇಂದು ನಾವು ನೆಮ್ಮದಿಯಿಂದ ಕುಳಿತು ಹೊರಗೆ ನೋಡುವ ವಿಮಾನದ ಕಿಟಕಿಯ ಹಿಂದೆ ಆ ಮೃತರ ಋಣವಿದೆ.

೪

ಪಾಠವನ್ನು ಕಲಿಯುವುದು ಒಂದು, ನೆನಪಿನಲ್ಲಿಡುವುದು ಇನ್ನೊಂದು. ೧೯೭೨ರ ಜೂನ್ ತಿಂಗಳಲ್ಲಿ ಅಮೆರಿಕದ ಡಿಸಿ-೧೦ ಎಂಬ ದೊಡ್ಡ ವಿಮಾನವೊಂದರ ಸರಕು ಕೋಣೆಯ ಬಾಗಿಲು ಆಕಾಶದಲ್ಲಿ ಕಿತ್ತುಹೋಯಿತು. ಚಾಲಕರ ಕೌಶಲದಿಂದ ಎಲ್ಲರೂ ಬದುಕಿದರು. ದೋಷವು ಆಗಲೇ ಬೆಳಕಿಗೆ ಬಂದಿತ್ತು. ಆದರೆ ಸರ್ಕಾರದ ವಿಮಾನ ಇಲಾಖೆಯು ಕಟ್ಟಳೆಯನ್ನು ಹೊರಡಿಸದೆ, ನಿರ್ಮಾಪಕರೇ ಸರಿಪಡಿಸಲೆಂದು ಬಿಟ್ಟಿತು. ೧೯೭೪ರ ಮಾರ್ಚಿ ೩ನೆಯ ತಾರೀಖು ಪ್ಯಾರಿಸಿನ ಹತ್ತಿರ ತುರ್ಕಿ ದೇಶದ ಅದೇ ಮಾದರಿಯ ವಿಮಾನದ ಅದೇ ಬಾಗಿಲು ಕಿತ್ತುಹೋಗಿ ೩೪೬ ಮಂದಿ ಮಡಿದರು. ಹಗಲು ಕಂಡ ಬಾವಿಗೆ ಇರುಳು ಬೀಳುವುದೆಂದರೆ ಇದೇ.

೧೯೭೯ರ ಮೇ ೨೫ರಂದು ಷಿಕಾಗೋವಿನಲ್ಲಿ ಮತ್ತೊಂದು ಡಿಸಿ-೧೦ರ ಯಂತ್ರವು ರೆಕ್ಕೆಯಿಂದ ಕಳಚಿಬಿದ್ದು, ನೆಲದ ಮೇಲಿದ್ದ ಇಬ್ಬರೂ ಸೇರಿ ೨೭೩ ಮಂದಿ ಸತ್ತರು. ಆಗ ಪ್ರಯಾಣಿಕರ ಒಂದು ಸಂಘವು ಸುಮ್ಮನಿರದೆ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿತು. ಜೂನ್ ೬ನೆಯ ತಾರೀಖು ಸರ್ಕಾರವು ಆ ಮಾದರಿಯ ಹಾರಾಟವನ್ನೆಲ್ಲ ತಡೆದು, ಜುಲೈ ೧೩ರಂದು ತೆರವು ಮಾಡಿತು. ರಿಪೇರಿಯ ಕಾಲದಲ್ಲಿ ಯಂತ್ರವನ್ನು ಬಿಚ್ಚಿ ಜೋಡಿಸುತ್ತಿದ್ದ ತಪ್ಪು ಪದ್ಧತಿಯಿಂದ ಅದನ್ನು ಹಿಡಿದಿದ್ದ ಭಾಗವು ಬಿರುಕುಬಿಟ್ಟಿದ್ದುದೇ ಕಾರಣವೆಂದು ಗೊತ್ತಾಯಿತು. ಬೇರೆ ವಿಮಾನಗಳಲ್ಲಿಯೂ ಅಂತಹ ಬಿರುಕುಗಳು ಸಿಕ್ಕಿದವು. ಜನರ ಆತಂಕವು ಬರಿಯ ಭೀತಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ನಮ್ಮ ನಾಡಿನವರು ಮರೆಯಲಾಗದ ದಿನವೊಂದಿದೆ. ೧೯೯೦ನೆಯ ಇಸವಿ ಫೆಬ್ರವರಿ ೧೪ನೆಯ ತಾರೀಖು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ೩೨೦ ವಿಮಾನವು, ಆಗ ಬೆಂಗಳೂರಿನ ಪ್ರಯಾಣಿಕ ನಿಲ್ದಾಣವಾಗಿದ್ದ ಹಿಂದೂಸ್ಥಾನ್ ಕಾರ್ಖಾನೆಯ ಓಟದ ಹಾದಿಯನ್ನು ಮುಟ್ಟದೆ, ಅದಕ್ಕೆ ಮುಂಚೆಯೇ ಗಾಲ್ಫ್ ಆಟದ ಮೈದಾನಿಗೆ ಬಡಿದು ಉರಿದುಹೋಯಿತು. ೧೪೬ ಮಂದಿಯಲ್ಲಿ ೯೨ ಮಂದಿ ಸತ್ತರು. ಮಾದರಿಯು ಹೊಸದು, ಚಾಲಕನ ಕೈಗೂ ರೆಕ್ಕೆಗೂ ನಡುವೆ ಗಣಕಯಂತ್ರವನ್ನು ಇಟ್ಟು ಕಟ್ಟಿದುದು. ಎರಡು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ಪ್ರದರ್ಶನದ ಕಾಲದಲ್ಲಿ ಇದೇ ಮಾದರಿಯ ಒಂದು ವಿಮಾನವು ಮರಗಳಿಗೆ ಬಡಿದು ಬಿದ್ದಿತ್ತು. ನಮ್ಮ ಸರ್ಕಾರವು ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ೩೨೦ಗಳೆಲ್ಲವನ್ನೂ ನಿಲ್ಲಿಸಿತು. ಹೊಸದಾಗಿ ಕೊಂಡ ವಿಮಾನಗಳು ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು.

ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ನಡೆಸಿದ ವಿಚಾರಣೆಯಲ್ಲಿ ಕಂಡುದೇನೆಂದರೆ: ಇಳಿಯುವ ಹೊತ್ತಿನಲ್ಲಿ ಯಂತ್ರಗಳು ನಿಷ್ಕ್ರಿಯವಾಗಿ ನಡೆಯುವ ಕ್ರಮದಲ್ಲಿ ವಿಮಾನವು ಸೇರಿಹೋಗಿದ್ದುದನ್ನೂ, ವೇಗವೂ ಎತ್ತರವೂ ಕುಂದುತ್ತಿದ್ದುದನ್ನೂ ಚಾಲಕರು ಸಕಾಲದಲ್ಲಿ ಗಮನಿಸಲಿಲ್ಲ. ಒಂದು ಗುಂಡಿಗೆ ಬದಲಾಗಿ ಇನ್ನೊಂದನ್ನು ತಿರುಗಿಸಿದ್ದಿರಬಹುದೆಂದೂ ಊಹಿಸಲಾಯಿತು. ವಿಮಾನದ ಒಡಲಿನಲ್ಲಿ ಕಾಮೆಟ್ಟಿನಂತಹ ಗೂಢವಾದ ರೋಗವಿರಲಿಲ್ಲ. ಅದೇ ಮಾದರಿಯು ಮುಂದೆ ನಮ್ಮ ದೇಶದಲ್ಲಿಯೂ ಲೋಕದಲ್ಲಿಯೂ ಅತ್ಯಂತ ಬಳಕೆಯ ವಿಮಾನಗಳಲ್ಲೊಂದಾಯಿತು.

ಹಾಗಾದರೆ ಬೆಂಗಳೂರಿನ ದುರಂತದ ಮೇಲೆ ಹಾರಾಟವನ್ನು ನಿಲ್ಲಿಸಿದುದು ವ್ಯರ್ಥವಾಯಿತೆ? ಆಗ ಅನೇಕರು ಹಾಗೆಂದರು. ನಷ್ಟವಾದುದೂ ಸುಳ್ಳಲ್ಲ. ಜನರು ಪ್ರತಿಯೊಂದು ಅಪಘಾತಕ್ಕೂ ‘ನಿಲ್ಲಿಸಿ’ ಎಂದು ಕೂಗಿದರೆ ವಿಮಾನಸಂಚಾರವೇ ಸಾಧ್ಯವಿಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ದೋಷವು ಯಂತ್ರದಲ್ಲಿಲ್ಲವೆಂಬುದು ನಮಗೆ ಗೊತ್ತಾದದ್ದು ವಿಚಾರಣೆಯ ಕೊನೆಯಲ್ಲಿ, ಮೊದಲಿನಲ್ಲಲ್ಲ. ಎಲ್ಬಾದ ಮರುದಿನವೂ ಬೆಂಗಳೂರಿನ ಮರುದಿನವೂ ನೋಡುವವರ ಕಣ್ಣಿಗೆ ಒಂದೇ ತೆರನಾಗಿದ್ದವು. ಒಂದರಲ್ಲಿ ಶಂಕೆ ನಿಜವಾಯಿತು, ಇನ್ನೊಂದರಲ್ಲಿ ಆಗಲಿಲ್ಲ. ಶಂಕೆ ಸುಳ್ಳಾದಾಗ ಹೋಗುವುದು ಹಣ. ನಿಜವಾದಾಗ ಹೋಗುವುದು ಪ್ರಾಣ. ಈ ಎರಡನ್ನೂ ಒಂದೇ ಕೊಳಗದಿಂದ ಅಳೆಯಲಾಗದು.

೫

ಕಾಮೆಟ್ಟಿನ ಕಥೆಯು ಇನ್ನೊಮ್ಮೆ ನಡೆದುದು ನಮ್ಮ ಕಾಲದಲ್ಲಿಯೇ. ಬೋಯಿಂಗ್ ೭೩೭ ಮ್ಯಾಕ್ಸ್ ಎಂಬ ಮಾದರಿಯು ೨೦೧೭ರಲ್ಲಿ ಸಂಚಾರಕ್ಕೆ ಬಂದಿತು. ೨೦೧೮ರ ಅಕ್ಟೋಬರ್ ೨೯ರಂದು ಇಂಡೊನೇಷಿಯದ ಒಂದು ಮ್ಯಾಕ್ಸ್ ಜಾವಾ ಸಮುದ್ರಕ್ಕೆ ಬಿದ್ದು ೧೮೯ ಮಂದಿ ಸತ್ತರು. ಅದರ ಮೂಗನ್ನು ತಾನಾಗಿಯೇ ಕೆಳಕ್ಕೆ ಒತ್ತುವ ಒಂದು ಉಪಾಯವನ್ನು ಗಣಕಯಂತ್ರದಲ್ಲಿ ಅಳವಡಿಸಿದ್ದರು. ಗಾಳಿಗೆದುರಾಗಿ ವಿಮಾನದ ಓರೆಯನ್ನು ಅಳೆಯುವ ಒಂದೇ ಒಂದು ಸಾಧನವನ್ನು ಅದು ನಂಬಿತ್ತು. ಸಾಧನವು ಕೆಟ್ಟು ಸುಳ್ಳು ಹೇಳಿದರೆ, ಸರಿಯಾಗಿ ಹಾರುತ್ತಿರುವ ವಿಮಾನವನ್ನೇ ಅದು ನೆಲದ ಕಡೆಗೆ ತಿರುಗಿಸುತ್ತಿತ್ತು. ಅಂತಹ ಉಪಾಯವೊಂದು ವಿಮಾನದಲ್ಲಿದೆಯೆಂಬುದನ್ನೇ ಚಾಲಕರ ಕೈಪಿಡಿಯಲ್ಲಿ ತಿಳಿಸಿರಲಿಲ್ಲ.

ಈ ಬಾರಿ ಕಾರಣವು ಸಮುದ್ರದಡಿಯಲ್ಲಿ ಬಹಳ ದಿನ ಅಡಗಿರಲಿಲ್ಲ. ಅಪಘಾತವಾದ ಒಂದೆರಡು ವಾರಗಳಲ್ಲಿಯೇ ಬಲ್ಲವರಿಗೆ ತಿಳಿದಿತ್ತು. ಸರಿಪಡಿಸದಿದ್ದರೆ ಆ ಮಾದರಿಯ ಆಯುಷ್ಯದಲ್ಲಿ ೧೫ರವರೆಗೂ ಇಂತಹ ದುರಂತಗಳಾಗಬಹುದೆಂದು ಅಮೆರಿಕದ ವಿಮಾನ ಇಲಾಖೆಯ ಒಳಗಿನ ಲೆಕ್ಕವೇ ಹೇಳಿತ್ತು. ಆ ಲೆಕ್ಕವು ಜನರಿಗೆ ತಿಳಿದುದು ಒಂದು ವರ್ಷ ಕಳೆದ ಮೇಲೆ. ಚಾಲಕರಿಗೆ ಒಂದು ಸೂಚನಾಪತ್ರವನ್ನು ಕಳುಹಿಸಿ, ಸರಿಪಡಿಸುವ ಕೆಲಸ ನಡೆಯುತ್ತಿದೆಯೆಂದು ಸಮಾಧಾನ ಹೇಳಿ, ವಿಮಾನಗಳನ್ನು ಹಾರಲು ಬಿಟ್ಟರು. ೨೦೧೯ರ ಮಾರ್ಚಿ ೧೦ರಂದು ಇಥಿಯೋಪಿಯದ ಮ್ಯಾಕ್ಸ್ ವಿಮಾನವು ಆಡಿಸ್ ಅಬಾಬದಿಂದ ಹೊರಟ ಆರು ನಿಮಿಷಗಳಲ್ಲಿ ಹೊಲಕ್ಕೆ ಬಡಿದು ೧೫೭ ಮಂದಿ ಮಡಿದರು.

ಆಗ ಜನರ ಕೂಗು ಸರ್ಕಾರಗಳಿಗಿಂತ ಮುಂದೆ ಹೋಯಿತು. ಪ್ರಯಾಣಿಕರು ತಾವು ಹತ್ತಬೇಕಾದ ವಿಮಾನವು ಯಾವ ಮಾದರಿಯದೆಂದು ವಿಚಾರಿಸತೊಡಗಿದರು. ಮರುದಿನವೇ ಚೀನಾ ದೇಶವು ಮ್ಯಾಕ್ಸನ್ನು ನಿಲ್ಲಿಸಿತು. ೧೨ನೆಯ ತಾರೀಖು ಯೂರೋಪು ನಿಲ್ಲಿಸಿತು. ಅದೇ ರಾತ್ರಿ ನಮ್ಮ ದೇಶವೂ ನಿಲ್ಲಿಸಲು ತೀರ್ಮಾನಿಸಿತು. ವಿಮಾನವನ್ನು ಕಟ್ಟಿದ ಅಮೆರಿಕವು ಒಪ್ಪಿದುದು ೧೩ನೆಯ ತಾರೀಖು, ಎಲ್ಲರಿಗಿಂತ ಕೊನೆಯ ಸಾಲಿನಲ್ಲಿ. ಅಲ್ಲಿಂದ ಮುಂದೆ ಅಮೆರಿಕದಲ್ಲಿ ೨೦೨೦ರ ನವೆ೦ಬರಿನವರೆಗೂ, ನಮ್ಮಲ್ಲಿ ೨೦೨೧ರ ಆಗಸ್ಟಿನವರೆಗೂ ಆ ವಿಮಾನಗಳು ಹಾರಲಿಲ್ಲ. ಕಾಮೆಟ್ಟಿನ ಕಾಲದಲ್ಲಿ ಅಧಿಕಾರಿಗಳಿಗೆ ಕಾರಣ ತಿಳಿದಿರಲಿಲ್ಲವೆಂಬ ಸಮಾಧಾನವಾದರೂ ಉಂಟು. ಮ್ಯಾಕ್ಸಿನ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಅರವತ್ತೈದು ವರ್ಷಗಳಲ್ಲಿ ವಿದ್ಯೆ ಬೆಳೆದಿತ್ತು. ಪ್ರಶ್ನೆಯನ್ನು ಕೇಳುವ ರೀತಿ ಮಾತ್ರ ಹಳೆಯದಾಗಿಯೇ ಉಳಿದಿತ್ತು.

ಹೀಗೆಂದು ನಿರಾಶರಾಗಬೇಕಾಗಿಲ್ಲ. ೨೦೧೩ರ ಜನವರಿಯಲ್ಲಿ ಬೋಯಿಂಗ್ ೭೮೭ ವಿಮಾನಗಳ ವಿದ್ಯುತ್ಕೋಶಗಳಲ್ಲಿ ಬೆಂಕಿಯೂ ಹೊಗೆಯೂ ಕಂಡಾಗ, ಒಂದು ಪ್ರಾಣವೂ ಹೋಗುವ ಮುಂಚೆಯೇ ಲೋಕದ ಎಲ್ಲ ೭೮೭ಗಳನ್ನೂ ನಿಲ್ಲಿಸಿದರು. ನಮ್ಮ ಏರ್ ಇಂಡಿಯದವೂ ಅವುಗಳಲ್ಲಿ ಸೇರಿದ್ದವು. ೨೦೨೪ರ ಜನವರಿ ೫ರಂದು ಮ್ಯಾಕ್ಸ್ ವಿಮಾನವೊಂದರ ಪಕ್ಕದ ಮುಚ್ಚಳವು ಆಕಾಶದಲ್ಲಿ ಕಿತ್ತುಹೋದಾಗಲೂ ಯಾರೂ ಸಾಯಲಿಲ್ಲ. ಆದರೂ ಮರುದಿನವೇ ಅಂತಹ ಮುಚ್ಚಳವಿದ್ದ ೧೭೧ ವಿಮಾನಗಳನ್ನು ತಡೆದು, ಪರೀಕ್ಷಿಸಿ, ಆಮೇಲೆ ಬಿಟ್ಟರು. ೧೯೭೨ರಲ್ಲಿ ಆ ಬಾಗಿಲಿನ ವಿಷಯದಲ್ಲಿಯೂ ಇಷ್ಟನ್ನೇ ಮಾಡಿದ್ದರೆ ಸಾಕಾಗಿತ್ತು.

೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯದ ೭೮೭ ವಿಮಾನವು ಬಿದ್ದಾಗ, ಇದೇ ಪ್ರಶ್ನೆಯು ನಮ್ಮ ಮನೆಮನೆಗಳಲ್ಲಿಯೂ ಎದ್ದಿತು. ಆಗ ಸರ್ಕಾರವು ಆ ಮಾದರಿಯನ್ನು ಪೂರ್ತಿ ನಿಲ್ಲಿಸದೆ, ಏರ್ ಇಂಡಿಯದ ಅಂತಹ ವಿಮಾನಗಳಿಗೆ ವಿಶೇಷ ಪರೀಕ್ಷೆಗಳನ್ನು ವಿಧಿಸಿತು. ಎಲ್ಲ ಸಂದರ್ಭಗಳಿಗೂ ಒಂದೇ ಔಷಧವಿಲ್ಲವೆಂಬುದು ನಿಜ. ಯಾವಾಗ ನಿಲ್ಲಿಸಬೇಕು, ಯಾವಾಗ ಪರೀಕ್ಷೆ ಸಾಕು ಎಂಬುದನ್ನು ಬಲ್ಲವರೇ ನಿರ್ಧರಿಸಬೇಕು. ಜನಸಾಮಾನ್ಯರಿಗೆ ಲೋಹದ ವಿದ್ಯೆಯಾಗಲಿ ಗಣಕಯಂತ್ರದ ವಿದ್ಯೆಯಾಗಲಿ ತಿಳಿಯದು. ಆದರೆ ಬಲ್ಲವರನ್ನು ಒಂದು ಮಾತು ಕೇಳುವ ಅಧಿಕಾರವು ಜನರಿಗೆ ಉಂಟು: ‘ಇದು ಕ್ಷೇಮವೆಂದು ನಿಮಗೆ ತಿಳಿದಿದೆಯೆ, ಅಥವಾ ಕ್ಷೇಮವಲ್ಲವೆಂದು ನಿಮಗೆ ತಿಳಿದಿಲ್ಲವೆ?’

ಈ ಎರಡು ಮಾತುಗಳೂ ಕಿವಿಗೆ ಒಂದೇ ಬಗೆಯಾಗಿ ಕೇಳಿಸಬಹುದು. ಅವುಗಳ ನಡುವಣ ಅಂತರವೆಷ್ಟೆಂಬುದು ೧೯೫೪ರ ಮಾರ್ಚಿ ೨೩ಕ್ಕೂ ಏಪ್ರಿಲ್ ೮ಕ್ಕೂ ನಡುವಣ ಹದಿನಾರು ದಿನಗಳಲ್ಲಿ ಗೊತ್ತಾಯಿತು. ತೇರನ್ನು ನಿಲ್ಲಿಸಿದವರನ್ನು ನಮ್ಮ ಊರುಗಳಲ್ಲಿ ಯಾರೂ ಹೇಡಿಗಳೆಂದು ಕರೆದುದಿಲ್ಲ. ಅಚ್ಚನ್ನು ನೋಡಿಸಿ, ಸರಿಮಾಡಿಸಿ, ತಡವಾಗಿಯಾದರೂ ತೇರನ್ನು ನೆಲೆಗೆ ತಂದು ಮುಟ್ಟಿಸುವುದೇ ಉತ್ಸವವನ್ನು ನಡೆಸುವವರ ಕರ್ತವ್ಯ. ಆಕಾಶದಲ್ಲಿ ಜನರನ್ನು ಒಯ್ಯುವವರ ಕರ್ತವ್ಯವೂ ಅದಕ್ಕಿಂತ ಬೇರೆಯಲ್ಲ.